ಹನ್ನೊಂದನೆಯ ಆಂದ್ರೇಸ್

ನಮ್ಮಪ್ಪ ತೊರಿಬಿಯೊ ಸೋಲಿನ್ ಅತೆಂಪಾ ಕೇರಿಯ ಚಿತ್ರಕಾರನಾಗಿದ್ದ. ಬರೆಯುವುದಕ್ಕೂ ಬಣ್ಣ ಹಚ್ಚುವುದಕ್ಕೂ ನಮ್ಮ ಮಾತಿನಲ್ಲಿ ಇರುವುದು ಒಂದೇ ಪದ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ, ಯಾರ ಮಗಳನ್ನು ಯಾವ ಮನೆಗೆ ಕೊಟ್ಟಿದೆ, ಯಾರು ಯಾವ ವರ್ಷ ತೀರಿಕೊಂಡರು, ಎಲ್ಲವೂ ಅವನ ಹಾಳೆಗಳಲ್ಲಿತ್ತು. ಹಾಳೆಯಲ್ಲಿ ಇಲ್ಲದ್ದು ಅವನ ತಲೆಯಲ್ಲಿತ್ತು.

ದೊಡ್ಡ ಕಾಯಿಲೆ ಬಂದುಹೋಗಿ ಹದಿನೈದು ವರ್ಷವಾಗಿದ್ದಾಗ ಕಡಲಾಚೆಯಿಂದ ಬಂದು ನಮ್ಮನ್ನು ಆಳುತ್ತಿದ್ದ ಕಸ್ತೀಲದವರ ಅಧಿಕಾರಿಯೊಬ್ಬ ಊರಿಗೆ ಬಂದ. ನಮ್ಮ ಊರಲ್ಲಿ ಜನ ಎಷ್ಟಿದ್ದಾರೆ ಎಂಬುದರ ಬಗ್ಗೆ ಅವರವರಲ್ಲೇ ಜಗಳವಿತ್ತಂತೆ. ಪ್ರತಿ ಕೇರಿಯೂ ತನ್ನ ಮನೆಗಳನ್ನು ಒಂದೊಂದಾಗಿ ಬರೆದು ಒಪ್ಪಿಸಬೇಕು, ಬದುಕಿರುವವರನ್ನೂ ಬರೆಯಬೇಕು, ಸತ್ತವರನ್ನೂ ಬರೆಯಬೇಕು, ಒಬ್ಬೊಬ್ಬರಿಗೂ ಹೆಸರಿರಬೇಕು ಎಂದು ಅಪ್ಪಣೆಯಾಯಿತು. ಕಸ್ತೀಲದ ಕಾಗದದ ಒಂದು ಕಟ್ಟು ನಮ್ಮ ಮನೆಗೆ ಬಂತು.

ಅಷ್ಟು ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಮುಖಗಳನ್ನು ಅವನು ಕೈಯ ರೂಢಿಯಲ್ಲೇ ಬರೆಯಬಲ್ಲವನಾಗಿದ್ದ. ಮೂಗು, ಗದ್ದ, ಕಿವಿಯ ಮೇಲೆ ಕತ್ತರಿಸಿದ ಕೂದಲು, ಇವಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ಆದರೆ ಮುಖದ ಹಿಂದೆ ಒಂದು ಸಣ್ಣ ಗೆರೆ ಎಳೆದು ಅದರ ತುದಿಗೆ ಹೆಸರಿನ ಗುರುತು ಬರೆಯಬೇಕಲ್ಲ, ಅದು ಹೆಬ್ಬೆರಳಿನ ಉಗುರಿನಷ್ಟು ಜಾಗದ ಕೆಲಸ. ಗೂಬೆಯಾದರೆ ಗೂಬೆಯ ತಲೆ, ಹೊಗೆಯಾದರೆ ಸುರುಳಿ ಸುರುಳಿ ಹೊಗೆ, ಅಪ್ಪನ ಸೋಲಿನ್ ಎಂಬ ಹೆಸರಿಗಾದರೆ ಒಂದು ಕೌಜುಗ. ಅದನ್ನು ನಾನು ಬರೆಯುತ್ತಿದ್ದೆ. ನನ್ನ ಹೆಸರು ಶೊಕೊ, ಕಿರಿಯವಳು ಎಂದರ್ಥ. ಆಗ ನನಗೆ ಇಪ್ಪತ್ತೊಂದು. ಗಂಡ ಬೆಟ್ಟದಲ್ಲಿ ಮರ ಉರುಳಿ ತೀರಿಕೊಂಡ ಮೇಲೆ ಅಪ್ಪನ ಮನೆಗೆ ವಾಪಸು ಬಂದಿದ್ದೆ.

ಕೇರಿಯ ಹಿರಿಯ ಗಾಸ್ಪರ್ ತ್ಲಕೋಚಿನ್‌ನ ಅಂಗಳದಲ್ಲಿ ಚಾಪೆ ಹಾಸಿ ಕೂತೆವು. ಜನ ಸಾಲಾಗಿ ಬರುತ್ತಿದ್ದರು. ಮೊದಲ ಎರಡು ದಿನ ಜಾತ್ರೆಯಂತೆಯೇ ಇತ್ತು. ಆಮೆ ಎಂಬ ಹೆಸರಿನ ಮುದುಕ ಬಗ್ಗಿ ಬಗ್ಗಿ ನೋಡಿ ನನ್ನನ್ನು ತರಾಟೆಗೆ ತೆಗೆದುಕೊಂಡ.

"ಏನಮ್ಮ ಶೊಕೊ, ನನ್ನ ಆಮೆ ಇಷ್ಟು ಸಣಕಲಾಗಿದೆ? ವಾರದಿಂದ ಅದಕ್ಕೆ ಊಟ ಹಾಕಿಲ್ವಾ?"

"ನಿಮ್ಮನ್ನ ನೋಡ್ಕೊಂಡೇ ಬರ್ದಿದ್ದು ಮಾವ."

"ಅಯ್ಯೋ, ಹಂಗಾದ್ರೆ ಚಿಪ್ಪಾದ್ರೂ ದಪ್ಪಗೆ ಬರಿ. ಹೆಂಡ್ತಿ ಹೊಡ್ದಾಗ ಒಳಗೆ ಹೋಗ್ಬೇಕಲ್ಲ!"

ಅಂಗಳವೆಲ್ಲ ನಕ್ಕಿತು. ಮೂರನೆಯ ದಿನ ಸತ್ತವರ ಪಾಳಿ ಬಂತು. ಅವತ್ತಿನಿಂದ ಯಾರೂ ನಗಲಿಲ್ಲ.

ಸತ್ತವರ ಮುಖವೂ ಅದೇ ಮುಖ, ಅದೇ ಕೂದಲು. ಕಣ್ಣು ಮಾತ್ರ ಮುಚ್ಚಿರುತ್ತದೆ. ರೆಪ್ಪೆಯ ಒಂದು ಗೆರೆ, ಅಷ್ಟೇ. ಬಂದವರು ತಮ್ಮವರ ಹೆಸರು ಹೇಳಿ ಚಾಪೆಯ ಅಂಚಿನಲ್ಲಿ ಕೂತು, ಗೆರೆ ಎಳೆಯುವ ತನಕ ನೋಡಿ ಎದ್ದುಹೋಗುತ್ತಿದ್ದರು. ಇಡೀ ಮನೆಗೆ ಮನೆಯೇ ಹೋಗಿ, ಹೆಸರು ಹೇಳಲು ಒಬ್ಬರೂ ಉಳಿಯದ ಕಡೆಯದನ್ನು ಅಪ್ಪ ತಾನೇ ಹೇಳಿ ಬರೆಸುತ್ತಿದ್ದ. ನಮ್ಮ ಮನೆಯದನ್ನೂ ಹಾಗೇ ಬರೆಸಿದ. ನನ್ನ ಅವ್ವ, ಅಕ್ಕ, ಅಣ್ಣ ಮೂವರೂ ಆ ಕಾಯಿಲೆಯಲ್ಲೇ ಹೋಗಿದ್ದರು. ಅಣ್ಣನ ಗುರುತಿಗೆ ಜೊಂಡಿನ ಕಡ್ಡಿ ಬರೆಯುವಾಗ ಅಪ್ಪನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಮುಂದಿನ ಮನೆ," ಎಂದ ಅಪ್ಪ. "ತೊರೆ ಪಕ್ಕದ್ದು. ವಿತ್ಸಿಲ್."

ವಿತ್ಸಿಲ್ ಎಂದರೆ ಹೂವಿನ ಜೇನು ಹೀರುವ ಆ ಪುಟ್ಟ ಹಕ್ಕಿ. ನಾನು ಕುಂಚ ಹಿಡಿದು ಕಾದೆ. ಅಪ್ಪ ಮುಖ ಬರೆಯತೊಡಗಿ ಮೂಗಿನ ಹತ್ತಿರ ನಿಂತ. ಗೆರೆ ಸೊಟ್ಟಗಾಯಿತು. ಇನ್ನೊಂದು ಸಲ ಹಚ್ಚಿದ, ಅದೂ ಕೆಟ್ಟಿತು. ಅಪ್ಪ ಮುಖ ಕೆಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಆಮೇಲೆ ಬರೆಯೋಣ. ಜಾಗ ಬಿಡು," ಎಂದ.

ಕಣ್ಣು ನೋಯುತ್ತಿರಬೇಕು ಎಂದುಕೊಂಡು ನಾನು ಜಾಗ ಬಿಟ್ಟೆ.

ಅದಾದ ಎರಡನೆಯ ದಿನ ಹೊಸದಾಗಿ ಮದುವೆಯಾದವರ ಪಾಳಿ. ಗಾಸ್ಪರ್ ಕೋಲು ಕುಟ್ಟಿ, "ಯಾರಪ್ಪ ಮುಂದೆ?" ಎಂದ.

"ಆಂದ್ರೇಸ್."

"ಯಾವ ಆಂದ್ರೇಸೋ? ಈ ಕೇರೀಲಿ ಕೂಗಿದ್ರೆ ಹತ್ತು ಜನ ತಿರುಗ್ತಾರೆ."

ಅದು ಸುಳ್ಳಲ್ಲ. ಪಾದ್ರಿಗಳು ಹುಡುಗರನ್ನು ಸಾಲಾಗಿ ನಿಲ್ಲಿಸಿ ತಲೆಗೆ ಜ್ಞಾನಸ್ನಾನದ ನೀರು ಹಾಕುವಾಗ ಆ ದಿನದ ಸಾಲಿಗೆಲ್ಲ ಒಂದೇ ಹೆಸರಿಟ್ಟುಬಿಡುತ್ತಿದ್ದರು. ನಮ್ಮಲ್ಲಿ ಹನ್ನೊಂದು ಆಂದ್ರೇಸ್‌ಗಳಿದ್ದರು. ಹತ್ತು ಜನಕ್ಕೆ ತಮ್ಮ ತಮ್ಮ ಗುರುತಿತ್ತು.

"ಹಲಗೆ ಕೊಯ್ಯೋ ಆಂದ್ರೇಸ್. ಪಾದ್ರಿಗಳ ಮಠದಲ್ಲಿ ಬೆಳೆದೋನು."

"ಓ, ಹನ್ನೊಂದನೇಯೋನು! ಏನೋ ನಿನ್ನ ಗುರುತು?"

"ಇಲ್ಲ."

"ಇಲ್ಲ ಅಂದ್ರೆ? ನಿಮ್ಮಪ್ಪನ ಹೆಸ್ರಾದ್ರೂ ಹೇಳು."

"ಅದೂ ಗೊತ್ತಿಲ್ಲ. ಅದನ್ನ ಕೇಳೋಕೇ ಬಂದೆ. ತೊರಿಬಿಯೊ ತಾತಂಗೆ ಎಲ್ಲಾರ ಹೆಸ್ರೂ ಗೊತ್ತು ಅಂತಾರೆ."

ಹದಿನಾರು ದಾಟಿದವನು, ಉದ್ದ ಕೈಯವನು, ಮರದ ಪುಡಿ ಹುಬ್ಬಿನ ಮೇಲೆಲ್ಲ ಕೂತಿತ್ತು. ಪಕ್ಕದಲ್ಲಿ ಅವನ ಹೆಂಡತಿ ಮಗ್ದಲೇನಾ, ಏಳು ತಿಂಗಳ ಬಸುರಿ. ಗಾಸ್ಪರ್‌ಗೆ ಊಟದ ಹೊತ್ತಾಗಿತ್ತು.

"ತಬ್ಬಲಿ ಅಂತ ಹಾಕ್ಬಿಡು ಶೊಕೊ. ಕಣ್ಣಿನ ಕೆಳಗೆ ಎರಡು ಹನಿ ನೀರು. ಮುಗೀತು."

"ಈ ಅಂಗಳದಲ್ಲಿ ತಬ್ಬಲಿ ಅಲ್ದೇ ಇರೋರು ಯಾರಿದಾರೆ ದೊಡ್ಡಪ್ಪ?" ಎಂದ ಆಂದ್ರೇಸ್. "ಎಲ್ಲಾರಿಗೂ ಅದನ್ನೇ ಹಾಕ್ತೀರಾ?"

ಮಗ್ದಲೇನಾ ಚಾಪೆಯ ಹತ್ತಿರ ಕೂತು ಮೆಲ್ಲಗೆ ಕೇಳಿದಳು. "ತಾತ, ಹುಟ್ಟೋ ಕೂಸಿಗೆ ನೀನು ಯಾರ ಮೊಮ್ಮಗು ಅಂತ ನಾವು ಹೇಳ್ಬೇಕಲ್ಲ."

ಅಪ್ಪ ಕುಂಚವನ್ನು ಕೆಳಗಿಟ್ಟ. ಮಸಿ ತೊಡೆಯ ಮೇಲೆ ಸುರಿದುಹೋಗಿದ್ದು ಅವನಿಗೆ ತಿಳಿಯಲಿಲ್ಲ.

"ನಾಳೆ ಬೆಳಿಗ್ಗೆ ಬಾ," ಎಂದ. "ಇಲ್ಲಿಗಲ್ಲ. ನಮ್ಮನೆಗೆ."

ಮನೆಗೆ ಹೋಗುವ ದಾರಿಯಲ್ಲಿ ನನಗೆ ಹಳೆಯದೊಂದು ನೆನಪಾಯಿತು. ಚಿಕ್ಕವಳಿದ್ದಾಗ ಹಬ್ಬ ಬಂದರೆ ಅಪ್ಪ ಎಲೆಯಲ್ಲಿ ಸುತ್ತಿದ ಜೋಳದ ಕಡುಬು ನಾಲ್ಕು ಕೊಟ್ಟು ಮಠದ ಬಾಗಿಲಿಗೆ ಕಳಿಸುತ್ತಿದ್ದ. ಯಾರಿಗೆ ಎಂದರೆ, ಅಲ್ಲಿ ಅಂಗಳ ಗುಡಿಸುವ ಸಣ್ಣವನಿಗೆ ಎನ್ನುತ್ತಿದ್ದ. ಯಾರು ಕೊಟ್ಟರು ಅಂತ ಹೇಳಬೇಡ ಎಂದೂ ಹೇಳುತ್ತಿದ್ದ. ಅಪ್ಪನದು ಒಳ್ಳೆಯ ಮನಸ್ಸು ಎಂದು ನಾನು ಒಳಗೊಳಗೇ ಜಂಬಪಡುತ್ತಿದ್ದೆ.

"ಅವನು ಯಾರ ಮಗ ಅಂತ ನಿನಗೆ ಗೊತ್ತಲ್ವಾ ಅಪ್ಪ?" ಎಂದೆ.

"ಗೊತ್ತು."

"ಮತ್ತೆ ಅಲ್ಲೇ ಹೇಳ್ಬಹುದಿತ್ತಲ್ಲ!"

ಅಪ್ಪ ಅವತ್ತು ಊಟ ಮಾಡಲಿಲ್ಲ.

ಬೆಳಿಗ್ಗೆ ಆಂದ್ರೇಸ್ ಒಬ್ಬನೇ ಬಂದ. ಒಂದು ಹೊರೆ ಒಣ ಸೌದೆ ತಂದಿದ್ದ, ಬರಿಗೈಲಿ ಬರಬಾರದೆಂದು. ನಾನು ಗಂಜಿ ಬಟ್ಟಲು ಕೊಟ್ಟೆ. ಅಪ್ಪ ಅವನನ್ನು ಎದುರಿಗೆ ಕೂರಿಸಿಕೊಂಡ.

"ನಿಮ್ಮಪ್ಪ ವಿತ್ಸಿಲ್," ಎಂದ. "ತೊರೆ ಪಕ್ಕ ಮನೆ. ನನಗೆ ಗೆಳೆಯ. ಬುಟ್ಟಿ ಹೆಣೀತಿದ್ದ, ಹಾಡು ಹೇಳೋನು, ಒಂದೂ ರಾಗವಾಗಿ ಬರ್ತಿರ್ಲಿಲ್ಲ. ನೀನು ಹುಟ್ಟಿದ ಸಂಜೆ ಆಕಾಶ ಕಿತ್ಕೊಂಡು ಬಿದ್ದಂಗೆ ಮಳೆ. ಅದರಲ್ಲೇ ಓಡಿ ಬಂದು, ಗಂಡು ಕಣೋ, ಗುರುತು ಬರ್ಕೊಡು ಅಂದ. ನಾನೇ ಬರ್ದೆ. ಕಿಯಾವ್. ಮಳೆ ಅಂತ. ನಿನ್ನ ಹೆಸರು ಕಿಯಾವ್."

ಆಂದ್ರೇಸ್ ತುಟಿಯಲ್ಲೇ ಅದನ್ನು ಎರಡು ಸಲ ಹೇಳಿಕೊಂಡ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಬಟ್ಟಲು ಕೆಳಗಿಟ್ಟು ಅಪ್ಪನ ಕಾಲು ಮುಟ್ಟಲು ಬಗ್ಗಿದ.

"ಬೇಡ," ಎಂದು ಅಪ್ಪ ಕಾಲು ಹಿಂದಕ್ಕೆಳೆದುಕೊಂಡ. "ಕೂತ್ಕೋ. ಇನ್ನೂ ಇದೆ."

ಆಮೇಲೆ ಹೇಳಿದ. ಕಾಯಿಲೆ ಬಂದಾಗ ನಮ್ಮ ಮನೆಯಲ್ಲಿ ಮೂವರು ಮಲಗಿದ್ದರು, ಮೂಗಿನಿಂದ ರಕ್ತ ನಿಲ್ಲುತ್ತಿರಲಿಲ್ಲ. ಅಪ್ಪ ನೀರಿಗೆಂದು ತೊರೆಗೆ ಹೋದಾಗ ಗೆಳೆಯನ ಮನೆಯಿಂದ ಮಗುವಿನ ಅಳು ಕೇಳಿಸಿತು. ಒಳಗೆ ಹೋಗಿ ನೋಡಿದ. ಗಂಡ ಹೆಂಡತಿ ಇಬ್ಬರೂ ಸತ್ತಿದ್ದರು. ಒಂದೂವರೆ ವರ್ಷದ ಮಗು ತಾಯಿಯ ಎದೆಯ ಮೇಲೆ ಬಿದ್ದುಕೊಂಡು ಹಾಲಿಗೆ ಬಾಯಿ ಹಾಕುತ್ತಿತ್ತು.

"ಎತ್ಕೊಂಡೆ," ಎಂದ ಅಪ್ಪ. "ಮೈ ಕೆಂಡದಂಗೆ ಸುಡ್ತಿತ್ತು. ನಮ್ಮನೆ ಬಾಗಿಲ ತನಕ ಬಂದೆ. ಮನೇಲಿ ಮೂರು ಜನ ಮಲಗಿದಾರೆ, ಇವಳು ಆರು ವರ್ಷದೋಳು, ಇವಳೊಬ್ಳಿಗೇ ಇನ್ನೂ ಏನೂ ಆಗಿಲ್ಲ. ಇರೋದು ಒಂದು ಸೋರೆಬುರುಡೆ ಗಂಜಿ. ಈ ಜ್ವರದ ಕೂಸನ್ನ ಒಳಗೆ ತಗೊಂಡು ಹೋದ್ರೆ ಇವಳೂ ಹೋಗ್ತಾಳೆ ಅನ್ನಿಸ್ತು. ಹೆಂಗೂ ಇದು ಉಳಿಯಲ್ಲ ಅನ್ನಿಸ್ತು. ವಾಪಸ್ ಹೋಗಿ ಅವಳ ಎದೆ ಮೇಲೇ ಮಲಗಿಸಿ ಬಂದೆ."

ಆಂದ್ರೇಸ್ ಬಟ್ಟಲನ್ನು ಮತ್ತೆ ಕೈಗೆ ತೆಗೆದುಕೊಂಡ.

"ನಾನು ಅತ್ತೆನಾ?"

"ಅತ್ತೆ."

"ಎಷ್ಟು ಹೊತ್ತು?"

"ಎರಡು ದಿನ."

ಆ ಅಳು ನನಗೂ ನೆನಪಿತ್ತು. ಅವ್ವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಅಪ್ಪಾ ಅದೇನು ಅಳ್ತಿರೋದು ಎಂದು ನಾನು ಕೇಳಿದ್ದೆ. ನರಿ ಮರಿ, ಸುಮ್ನಿರು ಎಂದಿದ್ದ. ಅಷ್ಟು ವರ್ಷವೂ ನಾನು ಅದನ್ನು ನರಿ ಮರಿ ಎಂದೇ ತಿಳಿದಿದ್ದೆ.

"ಮೂರನೇ ದಿನ ಸೌದೆ ಮಾರೋ ಮುದುಕಿ ನಿನ್ನನ್ನ ಬಟ್ಟೇಲಿ ಸುತ್ಕೊಂಡು ಮಠದ ಕಡೆ ಹೋಗೋದು ನೋಡ್ದೆ," ಎಂದ ಅಪ್ಪ. "ಅವಳು ಮುಂದಿನ ವಾರಕ್ಕೆ ಸತ್ತಳು. ಯಾವ ಮನೆ ಕೂಸು ಅಂತ ಮಠದೋರಿಗೆ ಯಾರೂ ಹೇಳ್ಲಿಲ್ಲ. ಗೊತ್ತಿದ್ದೋನು ನಾನೊಬ್ಬ. ಹೋಗಿ ಹೇಳಿದ್ರೆ, ಗೊತ್ತಿದ್ದೂ ಯಾಕೆ ಬಿಟ್ಟೆ ಅಂತಾರಲ್ಲ. ಈ ವರ್ಷ ಹೇಳ್ತೀನಿ, ಮುಂದಿನ ವರ್ಷ ಹೇಳ್ತೀನಿ ಅಂತ ಹದಿನೈದು ವರ್ಷ ಆಯ್ತು."

ಆಂದ್ರೇಸ್ ಬಹಳ ಹೊತ್ತು ಬಟ್ಟಲಿನ ಅಂಚನ್ನು ಬೆರಳಿಂದ ಸವರುತ್ತ ಕೂತಿದ್ದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಾನು ಹೆದರಿದ್ದೆ. ಹಾಗೇನೂ ಮಾಡಲಿಲ್ಲ.

"ಅವ್ವನ ಹೆಸರೇನು?" ಎಂದ.

"ತೆಯಕಪನ್."

ಮೊದಲನೆಯವಳು ಎಂದರ್ಥ. ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಹೆಸರೆಂದರೆ ಅಷ್ಟೇ: ಮೊದಲನೆಯವಳು, ನಡುವಿನವಳು, ಕಿರಿಯವಳು. ನನ್ನ ಅಕ್ಕನ ಹೆಸರೂ ಅದೇ. ಹಾಳೆಯಲ್ಲಿ ಹೆಂಗಸರಿಗೆ ಗುರುತು ಹಾಕುವುದಿಲ್ಲ. ಎರಡು ಕೊಂಬಿನಂತೆ ಮೇಲೆತ್ತಿ ಕಟ್ಟಿದ ಕೂದಲು ಬರೆದರೆ ಮುಗಿಯಿತು.

"ಅದು ಎಲ್ಲಾರ ಹೆಸರೂ ಅಲ್ವಾ?" ಎಂದ ಆಂದ್ರೇಸ್. "ಬೇರೆ ಏನಾದ್ರೂ ಹೇಳಿ. ಅವಳದ್ದು."

ಅಪ್ಪ ಯೋಚಿಸಿದ. "ಮುಂದಿನ ಹಲ್ಲೊಂದು ಮುರಿದಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯೋಳು. ಆದ್ರೂ ಬಹಳ ನಗೋಳು."

"ಮನೆ ತೋರ್ಸಿ."

ಮೂವರೂ ಹೋದೆವು. ಅಪ್ಪ ನನ್ನ ಹೆಗಲು ಹಿಡಿದು ನಡೆದ. ತೊರೆಯ ಪಕ್ಕ ಕತ್ತಾಳೆ ಎದೆಯುದ್ದ ಬೆಳೆದಿತ್ತು. ಗೋಡೆಯ ಮಣ್ಣೆಲ್ಲ ಕರಗಿ ಹೋಗಿ ಒಲೆಯ ಮೂರು ಕಲ್ಲು ಮಾತ್ರ ಉಳಿದಿದ್ದವು. ಆಂದ್ರೇಸ್ ಅವುಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಮುಟ್ಟಿದ. ಅಲ್ಲಿಂದ ತಿರುಗಿ ನೋಡಿದರೆ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು. ಅವನು ಅದನ್ನು ನೋಡಿದ. ನಡುವೆ ಎಷ್ಟು ಹೆಜ್ಜೆ ಎಂದು ಅಳೆಯುವವನಂತೆ ನೋಡುತ್ತಲೇ ಇದ್ದ.

"ಎಲ್ಲಿ ಮಣ್ಣು ಮಾಡಿದ್ರು?"

"ಮಠದ ಹಿಂದೆ. ಗುಂಡಿ ತೋಡಿ ಎಲ್ಲಾರನ್ನೂ ಒಟ್ಟಿಗೆ," ಎಂದ ಅಪ್ಪ.

"ಆ ಜಾಗ ನಾನು ದಿನಾ ಗುಡಿಸ್ತಿದ್ದೆ," ಎಂದ ಆಂದ್ರೇಸ್.

ಅಲ್ಲಿಂದ ಅವನು ನೇರವಾಗಿ ಗಾಸ್ಪರ್‌ನ ಅಂಗಳಕ್ಕೆ ನಡೆದ. ನಾವು ಹಿಂದೆ ಹೋದೆವು. ಇನ್ನೂ ಯಾರೂ ಬಂದಿರಲಿಲ್ಲ. ನಾನು ಹಾಳೆ ಹಾಸಿ, ಜಾಗ ಬಿಟ್ಟಿದ್ದ ಸಾಲು ತೋರಿಸಿದೆ. ಅಪ್ಪ ಕುಂಚಕ್ಕೆ ಕೈ ಚಾಚಿದ. ಆಂದ್ರೇಸ್ ಅವನ ಮಣಿಕಟ್ಟು ಹಿಡಿದುಕೊಂಡ, ಗಟ್ಟಿಯಾಗಿ ಅಲ್ಲ, ಬಿಸಿ ಪಾತ್ರೆಗೆ ಕೈ ಹಾಕುವವರನ್ನು ತಡೆಯುವ ಹಾಗೆ.

"ನೀವು ಬೇಡ."

"ನಾನು ಬರೆದುಕೊಡ್ತೀನಪ್ಪ. ನಿನ್ನ ಹೆಸರು ಮೊದಲು ಬರೆದೋನೂ ನಾನೇ..."

"ಅದಕ್ಕೇ ಬೇಡ ಅಂದಿದ್ದು. ಹದಿನೈದು ವರ್ಷ ನಿಮ್ಮ ಹತ್ರಾನೇ ಇಟ್ಕೊಂಡಿದ್ರಲ್ಲ. ಸಾಕು." ಅವನು ನನ್ನ ಕಡೆ ತಿರುಗಿದ. "ಅಕ್ಕ, ನೀವು ಬರೀರಿ."

ಮುಖ ಬರೆಯುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅಪ್ಪ ಎದುರಿಗಿರುವಾಗ ನಾನು ಒಂದು ಮುಖವನ್ನೂ ಬರೆದವಳಲ್ಲ. ಅಪ್ಪನ ಕಡೆ ನೋಡಿದೆ. ಅವನು ಕೋಲೂರಿಕೊಂಡು ಎದ್ದು, ತಡವರಿಸುತ್ತ ಹೋಗಿ ಗೋಡೆಯ ಬುಡದಲ್ಲಿ ನಮಗೆ ಬೆನ್ನು ಮಾಡಿ ಕೂತ. ಅವನ ಬೆನ್ನು ಅಷ್ಟು ಚಿಕ್ಕದಾಗಿದ್ದುದನ್ನು ನಾನು ಮೊದಲು ಕಂಡಿರಲಿಲ್ಲ.

ವಿತ್ಸಿಲ್‌ನ ಮುಖ ಬರೆದೆ. ಗೆರೆ ಎಳೆದು ತುದಿಗೆ ಹಕ್ಕಿ ಬರೆದೆ, ಉದ್ದ ಕೊಕ್ಕು, ಎದೆಗೆ ಹಸಿರು. ಕಣ್ಣು ಮುಚ್ಚುವ ಮೊದಲು ಆಂದ್ರೇಸ್, "ಸ್ವಲ್ಪ ಹೊತ್ತು ಹಂಗೇ ಇರ್ಲಿ ಅಕ್ಕ," ಎಂದ. ಹಾಳೆಯನ್ನೇ ನೋಡುತ್ತ ಕೂತ. ಆಮೇಲೆ ತಾನೇ ತಲೆಯಾಡಿಸಿದ. ರೆಪ್ಪೆಯ ಗೆರೆ ಎಳೆದೆ. ಪಕ್ಕದಲ್ಲಿ ಅವನ ತಾಯಿಯನ್ನು ಬರೆದೆ. ಗುರುತು ಹಾಕುವ ಹಾಗಿಲ್ಲ ಎಂದು ಗೊತ್ತಿದ್ದೂ, ಅವಳ ಬಾಯಿಗೆ ಅಡ್ಡವಾಗಿ ಒಂದು ಪುಟ್ಟ ಕೈ ಬರೆದೆ. ಕೆಳಗಿನ ಸಾಲಿನಲ್ಲಿ ಆಂದ್ರೇಸ್‌ನ ಮುಖ, ತೆರೆದ ಕಣ್ಣು, ಹಿಂದೆ ಮಳೆಯ ನಾಲ್ಕು ಹನಿ.

"ಮುಗೀತಾ?" ಎಂದ ಅಪ್ಪ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಮುಗೀತು," ಎಂದೆ.

ಆಂದ್ರೇಸ್ ನನಗೆ ಕೈ ಮುಗಿದು ಅಪ್ಪನ ಪಕ್ಕದಿಂದಲೇ ದಾಟಿಹೋದ.

ಆಮೇಲೆ ಅಪ್ಪ ಕುಂಚ ಹಿಡಿಯಲಿಲ್ಲ. ಉಳಿದ ಮನೆಗಳನ್ನೆಲ್ಲ ನಾನೇ ಬರೆದೆ. ಅವನು ಹೆಸರು ಹೇಳುತ್ತಿದ್ದ. ಅಧಿಕಾರಿಯ ಜೊತೆ ಬಂದಿದ್ದ ಗುಮಾಸ್ತ ಒಂದೊಂದು ಮುಖದ ಮೇಲೂ ಅವರ ಅಕ್ಷರದಲ್ಲಿ ಹೆಸರು ಗೀಚಿಕೊಂಡ. ವಿತ್ಸಿಲ್‌ನ ಹೆಂಡತಿಯ ಹತ್ತಿರ ಬಂದಾಗ, "ಇವಳು ಯಾಕೆ ಬಾಯಿ ಮುಚ್ಕೊಂಡಿದಾಳೆ?" ಎಂದು ಕೇಳಿದ. ನಗ್ತಿದಾಳೆ ಎಂದೆ. ಅವನು ನನ್ನ ಮುಖ ನೋಡಿ ಹಾಳೆ ಮಗುಚಿದ. ಹಾಳೆಗಳು ಕಟ್ಟಾಗಿ ಕತ್ತೆಯ ಮೇಲೆ ಹೋದವು. ಎಲ್ಲಿಗೆ ಹೋದವೋ ನಮಗೆ ತಿಳಿಯಲಿಲ್ಲ.

ನಾನು ಕೂಡ ಅಪ್ಪನೊಂದಿಗೆ ಸರಿಯಾಗಿ ಮಾತಾಡಲು ಬಹಳ ದಿನ ಹಿಡಿಯಿತು. ಅವನು ಬಿಟ್ಟುಬಂದದ್ದು ನನ್ನನ್ನು ಉಳಿಸಲೆಂದೇ. ನಾನು ಉಳಿದೂ ಇದ್ದೆ. ಅದನ್ನು ನೆನೆದರೆ ಅವನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ ಅನ್ನಿಸುತ್ತಿತ್ತು. ರೊಟ್ಟಿ ತಟ್ಟುವಾಗ ಆ ಅಳು ನೆನಪಾದರೆ ಸಿಟ್ಟು ಬಂದೇ ಬರುತ್ತಿತ್ತು.

ಮಗ್ದಲೇನಾಗೆ ಹೆಣ್ಣುಮಗುವಾಯಿತು. ಅಪ್ಪನಿಗೆ ಹೇಳಿದೆ. "ಕೂಸು ಗಟ್ಟಿಯಾಗಿದೆಯಂತಾ?" ಎಂದು ಕೇಳಿದ. ಹಬ್ಬದಲ್ಲಿ ಕಡುಬು ಕಳಿಸಲೇ ಎಂದೆ. "ಬೇಡ, ಈಗ ಅವನಿಗೆ ಯಾರು ಕಳಿಸಿದ್ದು ಅಂತ ಗೊತ್ತಾಗತ್ತೆ," ಎಂದ.

ಮುಂದಿನ ವರ್ಷ ಅಪ್ಪ ಹಾಸಿಗೆ ಹಿಡಿದ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, "ಯಾರು ಶೊಕೊ, ಅವನಾ?" ಎನ್ನುತ್ತಿದ್ದ. ಅಲ್ಲಪ್ಪ, ಪಕ್ಕದ ಮನೆಯವಳು ಎನ್ನುತ್ತಿದ್ದೆ. ಗಾಸ್ಪರ್ ಎನ್ನುತ್ತಿದ್ದೆ. ಹೋಗಿ ಕರೆಯಲೇ ಎಂದರೆ ಬೇಡ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಆಂದ್ರೇಸ್ ಬಂದ. ಅಪ್ಪ ನಿದ್ದೆಯಲ್ಲಿದ್ದ. ಎಬ್ಬಿಸಲು ಹೋದರೆ ಕೈ ಅಡ್ಡ ಮಾಡಿ, "ಎಬ್ಬಿಸ್ಬೇಡಿ ಅಕ್ಕ," ಎಂದ. ಚಾಪೆಯ ಪಕ್ಕ ಕೂತ. ನಾನು ಒಂದು ಮೊರ ಜೋಳ ಅರೆದು ಮುಗಿಸುವಷ್ಟು ಹೊತ್ತು ಅಪ್ಪನ ಮುಖ ನೋಡುತ್ತ ಕೂತೇ ಇದ್ದ. ನೊಣ ಬಂದು ಕೂತರೆ ಓಡಿಸಿದ.

"ಯಾವಾಗ್ಲೂ ಹಿಂಗೇನಾ, ಬಾಯಿ ತಕ್ಕೊಂಡು ಮಲಗೋದು?" ಎಂದ.

"ಈಚೆಗೆ."

"ಹ್ಞೂಂ." ಎದ್ದ. ಬಾಗಿಲಲ್ಲಿ ನಿಂತ. "ಬರ್ಬೇಕು ಅಂತಿರ್ಲಿಲ್ಲ. ಮಗಳು ರಾತ್ರಿಯೆಲ್ಲ ಅಳ್ತಾಳೆ ಅಕ್ಕ, ಹಲ್ಲು ಬರ್ತಿದೆ. ಎತ್ಕೊಂಡ ತಕ್ಷಣ ಸುಮ್ನಾಗ್ತಾಳೆ. ಎತ್ಕೊಂಡ ತಕ್ಷಣ." ಅಷ್ಟು ಹೇಳಿ ಹೋಗಿಬಿಟ್ಟ.

ಅಪ್ಪ ಎದ್ದಾಗ ಹೇಳಿದೆ. ಹೇಳದೇ ಇರಬೇಕಿತ್ತೇನೋ.

"ಯಾಕೆ ಎಬ್ಬಿಸ್ಲಿಲ್ಲ?"

"ಅವನೇ ಬೇಡ ಅಂದ ಅಪ್ಪ."

ಅಪ್ಪ ಗೋಡೆಯ ಕಡೆ ಹೊರಳಿದ. ಆಮೇಲೆ ಯಾರ ನೆರಳು ಬಿದ್ದರೂ ಯಾರು ಎಂದು ಕೇಳಲಿಲ್ಲ. ಬಿತ್ತನೆಗೆ ಮೊದಲೇ ತೀರಿಕೊಂಡ. ಮಣ್ಣು ಮಾಡುವ ದಿನ ಇಡೀ ಕೇರಿ ಬಂದಿತ್ತು. ಹತ್ತು ಆಂದ್ರೇಸ್‌ಗಳೂ ಬಂದಿದ್ದರು. ಮಗ್ದಲೇನಾ ಮಗಳನ್ನು ಸೊಂಟದ ಮೇಲೆ ಹೊತ್ತು ಬಂದು ನನ್ನ ಪಕ್ಕ ನಿಂತಳು; ಗಂಡ ಬೆಟ್ಟಕ್ಕೆ ಹೋಗಿದ್ದಾನೆ ಎಂದಳು. ಮಗು ನನ್ನ ಕೂದಲು ಹಿಡಿದು ಎಳೆಯಿತು. ನಾನು ಅದನ್ನು ಅವಳ ಕೈಯಿಂದ ಎತ್ತಿಕೊಂಡೆ. ಮಣ್ಣು ಮುಚ್ಚಿ ಮುಗಿಯುವ ತನಕ ಕೆಳಗಿಳಿಸಲಿಲ್ಲ.